ಐದು ಸ್ಥಾನಗಳ ಅಂತರ

2024ರ ಜೂನ್ ತಿಂಗಳ ಮೊದಲ ವಾರ, ಮನೆಯಿಂದಲೇ ಕಚೇರಿಯ ಕೆಲಸ ಮಾಡುತ್ತ ಕುಳಿತಿದ್ದ ನನ್ನ ಬಳಿಗೆ ಮಗಳು ಬಂದು ಫೋನಿನ ಪರದೆಯನ್ನು ನನ್ನ ಮುಂದೆ ಹಿಡಿದಳು. ಅಮೆರಿಕದ ಆಸ್ಟಿನ್ ನಗರದ ವಾಯವ್ಯ ಭಾಗದಲ್ಲಿರುವ ಅವಳ ಹೈಸ್ಕೂಲಿನ ಹನ್ನೊಂದನೆಯ ತರಗತಿಯ ಅಂತಿಮ ರ‍್ಯಾಂಕ್ ಅಂದು ಪ್ರಕಟವಾಗಿತ್ತು. 702 ವಿದ್ಯಾರ್ಥಿಗಳ ಪೈಕಿ ಅವಳದು 47ನೆಯ ಸ್ಥಾನ. ನಮ್ಮೂರಿನಲ್ಲಾಗಿದ್ದರೆ ಇಂಥ ಸುದ್ದಿಗೆ ಒಲೆಯ ಮೇಲೆ ಪಾಯಸದ ಪಾತ್ರೆ ಏರುತ್ತಿತ್ತು. ಅವಳು ಮಾತ್ರ "ಅಪ್ಪಾ, ನಲವತ್ತೆರಡರ ಒಳಗೆ ಬರಲಿಲ್ಲ" ಎಂದಷ್ಟೇ ಹೇಳಿ, ನಾನು ಬಾಯಿ ತೆರೆಯುವ ಮೊದಲೇ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಈ ನಲವತ್ತೆರಡರ ಲೆಕ್ಕವನ್ನು ಮೊದಲು ವಿವರಿಸಬೇಕು. ಟೆಕ್ಸಾಸ್ ರಾಜ್ಯದ ಹೈಸ್ಕೂಲುಗಳಲ್ಲಿ ತಮ್ಮ ತಮ್ಮ ತರಗತಿಯ ಮೊದಲ ಶೇ. 10ರೊಳಗೆ ಬಂದವರಿಗೆ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ತಾನಾಗಿಯೇ ಪ್ರವೇಶ ಸಿಗಬೇಕೆಂದು 1997ರಲ್ಲಿ ಕಾನೂನಾಯಿತು. ಆದರೆ ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ, ಅಂದರೆ ಇಲ್ಲಿ ಎಲ್ಲರೂ ಯುಟಿ ಎಂದು ಕರೆಯುವ ರಾಜ್ಯದ ಹೆಮ್ಮೆಯ ಸಂಸ್ಥೆಗೆ, ಎಲ್ಲ ಊರುಗಳ ಮೊದಲ ಹತ್ತು ಶೇಕಡಾದವರೂ ಬಂದು ಸೇರತೊಡಗಿದ ಮೇಲೆ ಅಲ್ಲಿ ಬೇರೆಯವರಿಗೆ ಜಾಗವೇ ಉಳಿಯದಂತಾಯಿತು. ಹಾಗಾಗಿ 2009ರಲ್ಲಿ ಶಾಸನಸಭೆ ಕಾನೂನನ್ನು ತಿದ್ದಿ, ರಾಜ್ಯದ ವಿದ್ಯಾರ್ಥಿಗಳಿಗಿರುವ ಸೀಟುಗಳಲ್ಲಿ ಮುಕ್ಕಾಲು ಪಾಲನ್ನು ಮಾತ್ರ ಈ ರೀತಿ ತುಂಬಿದರೆ ಸಾಕು ಎಂದು ಯುಟಿಗೆ ವಿನಾಯಿತಿ ಕೊಟ್ಟಿತು. ಅರ್ಜಿ ಹಾಕುವವರು ಹೆಚ್ಚಿದಂತೆಲ್ಲ ಆ ಮುಕ್ಕಾಲು ಪಾಲು ಬೇಗ ಬೇಗ ತುಂಬುತ್ತದೆ, ಗೆರೆ ಮೇಲೆ ಮೇಲೆ ಸರಿಯುತ್ತದೆ. ಒಂದು ಕಾಲಕ್ಕೆ ಹತ್ತಿದ್ದದ್ದು ಎಂಟು, ಏಳು ಎಂದು ಇಳಿಯುತ್ತ 2019ರ ಪ್ರವೇಶದ ಹೊತ್ತಿಗೆ ಆರಕ್ಕೆ ಬಂದಿತ್ತು. 702ರ ಶೇ. 6 ಎಂದರೆ ನಲವತ್ತೆರಡು. ಗೆರೆ ಏಳರಲ್ಲೇ ನಿಂತಿದ್ದರೆ ನಲವತ್ತೊಂಬತ್ತರವರೆಗೆ ಒಳಗೆ ಬರುತ್ತಿದ್ದರು. ಅವಳು ನಿಂತಿದ್ದುದು ಈ ಎರಡು ಗೆರೆಗಳ ನಡುವಿನ ಏಳು ಜನರ ಗುಂಪಿನಲ್ಲಿ.

ಐದು ಸ್ಥಾನಗಳ ಅಂತರದಿಂದ ಏನಾಗುತ್ತದೆ ಎಂದು ಊರಿನಿಂದ ಫೋನ್ ಮಾಡಿದ ನನ್ನ ಅಣ್ಣ ಕೇಳಿದಾಗ ಉತ್ತರಿಸುವುದು ಕಷ್ಟವಾಯಿತು. 1996ರಲ್ಲಿ ಅರಕಲಗೂಡಿನಿಂದ ಹಾಸನಕ್ಕೆ ಬಸ್ಸಿನಲ್ಲಿ ಹೋಗಿ ಸಿಇಟಿ ಬರೆದವನು ನಾನು. ಪಿಯುಸಿಯ ಅಂಕಗಳನ್ನೂ ಸಿಇಟಿಯ ಅಂಕಗಳನ್ನೂ ಕೂಡಿಸಿ ಒಂದು ರ‍್ಯಾಂಕ್ ಕೊಟ್ಟರು. ಆ ರ‍್ಯಾಂಕನ್ನು ಕೈಯಲ್ಲಿ ಹಿಡಿದು ಅಪ್ಪನ ಜೊತೆ ಬೆಂಗಳೂರಿಗೆ ಕೌನ್ಸೆಲಿಂಗಿಗೆ ಹೋದಾಗ ಸೀಟುಗಳು ಒಂದೊಂದಾಗಿ ಕರಗುವುದನ್ನು ಕಣ್ಣಾರೆ ನೋಡಿದೆ. ನನ್ನ ಸರದಿ ಬರುವ ಹೊತ್ತಿಗೆ ಉಳಿದಿದ್ದುದರಲ್ಲಿ ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಾನಿಕ್ಸ್ ಸೀಟನ್ನು ಆರಿಸಿಕೊಂಡು, ಮೆಜೆಸ್ಟಿಕ್‌ನಲ್ಲಿ ಮಸಾಲೆ ದೋಸೆ ತಿಂದು ಊರಿಗೆ ಮರಳಿದೆವು. ಆ ವ್ಯವಸ್ಥೆ ನಿರ್ದಯವಾಗಿತ್ತೇನೋ ನಿಜ, ಆದರೆ ಅದರಲ್ಲಿ ಮುಚ್ಚುಮರೆ ಇರಲಿಲ್ಲ. ನನಗೆ ಯಾಕೆ ಸಿಕ್ಕಿತು, ಪಕ್ಕದ ಬೆಂಚಿನವನಿಗೆ ಯಾಕೆ ತಪ್ಪಿತು ಎಂಬುದನ್ನು ಓದಲು ಬಾರದ ನನ್ನ ಅಜ್ಜಿಗೂ ವಿವರಿಸಬಹುದಿತ್ತು. ಇಲ್ಲಿ ನಲವತ್ತೆರಡನೆಯ ಸ್ಥಾನದವರೆಗೆ ಅಂಥದೇ ಒಂದು ಸ್ಪಷ್ಟ ಲೆಕ್ಕವಿದೆ. ನಲವತ್ಮೂರನೆಯವರಿಂದ ಮುಂದಕ್ಕೆ ಆರಂಭವಾಗುವುದು ಹೋಲಿಸ್ಟಿಕ್ ರಿವ್ಯೂ ಎಂದು ಇಲ್ಲಿನ ಎಲ್ಲ ಪೋಷಕರ ಬಾಯಲ್ಲೂ ಓಡಾಡುವ ಸಮಗ್ರ ಪರಿಶೀಲನೆ. ಅದರಲ್ಲಿ ಅಂಕ, ಕೋರ್ಸುಗಳು, ಎಸ್‌ಎಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆ, ಪ್ರಬಂಧ, ಶಾಲೆಯ ಹೊರಗಿನ ಚಟುವಟಿಕೆ, ಮನೆಯ ಪರಿಸ್ಥಿತಿ ಎಲ್ಲವನ್ನೂ ನೋಡುತ್ತಾರೆ. ಯಾವುದಕ್ಕೆ ಎಷ್ಟು ತೂಕ ಎಂಬುದು ಅರ್ಜಿ ಹಾಕಿದವರಿಗೆ ಗೊತ್ತಾಗುವುದಿಲ್ಲ.

ಅವಳು ಗೆರೆಯ ಹೊರಗೆ ಉಳಿದುದಕ್ಕೆ ಒಂದು ಕಾರಣ ಪಿಟೀಲು. ಇದು ತಮಾಷೆಯ ಮಾತಲ್ಲ. ನಮ್ಮ ಶಾಲಾ ಜಿಲ್ಲೆಯಲ್ಲಿ ಕಾಲೇಜು ಮಟ್ಟದ ಎಪಿ ಕೋರ್ಸಿನಲ್ಲಿ ಪೂರ್ಣ ಅಂಕ ಬಂದರೆ 6 ಪಾಯಿಂಟುಗಳು, ಸಾಮಾನ್ಯ ಕೋರ್ಸಿನಲ್ಲಿ ಪೂರ್ಣ ಅಂಕ ಬಂದರೆ 5. ಶಾಲೆಯ ವಾದ್ಯವೃಂದ ಸಾಮಾನ್ಯ ಕೋರ್ಸು. ಎಪಿ ಕೋರ್ಸುಗಳಿಂದ ಸರಾಸರಿ ಐದೂವರೆಯನ್ನು ದಾಟಿರುವ ಮಗುವಿಗೆ, ವಾದ್ಯವೃಂದದಲ್ಲಿ ನೂರಕ್ಕೆ ನೂರು ಬಂದರೂ ಸರಾಸರಿ ಕೆಳಗಿಳಿಯುತ್ತದೆ. ಇದನ್ನು ಅರಿತ ಪೋಷಕರು ಒಂಬತ್ತನೆಯ ತರಗತಿಯಲ್ಲೇ ಮಕ್ಕಳಿಂದ ಸಂಗೀತವನ್ನೂ ಚಿತ್ರಕಲೆಯನ್ನೂ ಬಿಡಿಸಿ, ಆ ಜಾಗದಲ್ಲಿ ಇನ್ನೊಂದು ಎಪಿ ಕೋರ್ಸನ್ನು ತುರುಕುತ್ತಾರೆ. ನಾನೂ ಹತ್ತನೆಯ ತರಗತಿಯ ಆರಂಭದಲ್ಲಿ ಆ ಮಾತನ್ನು ಎತ್ತಿದ್ದೆ. "ನನಗೆ ಶಾಲೆಯಲ್ಲಿ ಇಷ್ಟವಾಗುವುದು ಅದೊಂದೇ ಪೀರಿಯಡ್" ಎಂದು ಅವಳು ಹೇಳಿದಾಗ, ನನ್ನ ಹೆಂಡತಿ ನನ್ನ ಕಡೆ ನೋಡಿದ ರೀತಿಯಿಂದ ಆ ವಿಷಯ ಅಲ್ಲಿಗೇ ಮುಗಿಯಿತು. ರ‍್ಯಾಂಕ್ ಬಂದ ರಾತ್ರಿ ನಾನು ಎಕ್ಸೆಲ್ ತೆರೆದು, ಪಿಟೀಲಿನ ಸಾಲುಗಳನ್ನು ತೆಗೆದು ಬೇರೆ ಕೋರ್ಸುಗಳನ್ನು ಹಾಕಿ ಸರಾಸರಿಯನ್ನು ಮತ್ತೆ ಲೆಕ್ಕ ಮಾಡಿದೆ. ಬಂದ ಸಂಖ್ಯೆಯನ್ನು ಯಾರಿಗೂ ಹೇಳದೆ ಆ ಕಡತವನ್ನು ಅಳಿಸಿಹಾಕಿದೆ.

ಯುಟಿಯೇ ಏಕೆ ಬೇಕು, ಅಮೆರಿಕದಲ್ಲಿ ಸಾವಿರಾರು ಕಾಲೇಜುಗಳಿಲ್ಲವೇ ಎಂದು ಕೇಳುವವರಿಗೆ ಹಣದ ಲೆಕ್ಕವನ್ನು ಹೇಳಬೇಕಾಗುತ್ತದೆ. ರಾಜ್ಯದ ನಿವಾಸಿಗಳಿಗೆ ಅಲ್ಲಿ ವರ್ಷದ ಬೋಧನಾ ಶುಲ್ಕ ಸುಮಾರು 11 ರಿಂದ 13 ಸಾವಿರ ಡಾಲರ್. ಹೊರರಾಜ್ಯದವರಿಗೆ ಅದೇ 40 ಸಾವಿರವನ್ನು ಮೀರುತ್ತದೆ. ಬೇರೆ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಕ್ಕೆ ಹೋದರೆ ನಾವೂ ಆ ಹೊರಗಿನವರ ದರವನ್ನೇ ತೆರಬೇಕು. ಖಾಸಗಿ ವಿಶ್ವವಿದ್ಯಾಲಯಗಳ ಮಾತನ್ನು ಆಡುವುದೇ ಬೇಡ. ಎಚ್-1ಬಿ ವೀಸಾದ ಮೇಲೆ ಇರುವ ನನ್ನಂಥವರ ಮಕ್ಕಳು ಎಚ್-4 ಅವಲಂಬಿತರು. ಅವರಿಗೆ ಕೇಂದ್ರ ಸರ್ಕಾರದ ಶೈಕ್ಷಣಿಕ ನೆರವು ಸಿಗುವುದಿಲ್ಲ. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಮ್ಮ ಸರದಿ ಇನ್ನೂ ಎಲ್ಲಿಯೂ ಕಾಣದಿರುವುದರಿಂದ, 2028ರಲ್ಲಿ ಇಪ್ಪತ್ತೊಂದು ತುಂಬಿದ ದಿನ, ಪದವಿ ಮುಗಿಯಲು ಇನ್ನೂ ಒಂದು ವರ್ಷ ಇರುವಾಗಲೇ, ಅವಳು ನನ್ನ ವೀಸಾದಿಂದ ಕಳಚಿಕೊಂಡು ಬೇರೆ ವೀಸಾಕ್ಕೆ ಬದಲಾಗಬೇಕು. ಅದು ಬೇರೆಯೇ ಕಥೆ. ಆದರೆ ಟೆಕ್ಸಾಸ್‌ನಲ್ಲಿ ಎಚ್-4 ಮಕ್ಕಳಿಗೂ ಇಲ್ಲಿ ನೆಲೆಸಿದ ಆಧಾರದ ಮೇಲೆ ರಾಜ್ಯದ ನಿವಾಸಿಗಳ ದರವೇ ಅನ್ವಯಿಸುತ್ತದೆ ಎಂಬುದು ನಮ್ಮ ಪಾಲಿಗೆ ದೊಡ್ಡ ಆಸರೆ. ಹಾಗಾಗಿ ಇಲ್ಲಿನ ಕನ್ನಡಿಗರ ಮನೆಗಳಲ್ಲಿ ಯುಟಿ ಎಂಬುದು ಹತ್ತರಲ್ಲಿ ಒಂದು ಆಯ್ಕೆಯಲ್ಲ. ಇಪ್ಪತ್ತೈದು ಮೈಲಿ ದೂರದಲ್ಲಿ, ನಮ್ಮ ಜೇಬಿಗೆ ಎಟಕುವ ದರದಲ್ಲಿ, ದೇಶದಲ್ಲೇ ಮುಂಚೂಣಿಯಲ್ಲಿರುವ ಇಂಜಿನಿಯರಿಂಗ್ ವಿಭಾಗವನ್ನು ಹೊಂದಿರುವ ಸಂಸ್ಥೆ ಅದು. ಎಲ್ಲರಿಗೂ ಹಾಗೆಯೇ ಅನ್ನಿಸುವುದರಿಂದಲೇ ಈ ನೂಕುನುಗ್ಗಲು.

ಬೇಸಿಗೆ ಪೂರ್ತಿ ಎಸ್‌ಎಟಿಯಲ್ಲಿ ಹೋಯಿತು. ಕೋವಿಡ್ ಕಾಲದಿಂದ ಯುಟಿ ಈ ಪರೀಕ್ಷೆಯ ಅಂಕಗಳನ್ನು ಕಡ್ಡಾಯ ಮಾಡಿರಲಿಲ್ಲ. ಮನಸ್ಸಿದ್ದವರು ಸಲ್ಲಿಸಬಹುದಿತ್ತು, ಇಲ್ಲದವರು ಬಿಡಬಹುದಿತ್ತು. 2024ರ ಮಾರ್ಚ್‌ನಲ್ಲಿ ಅದನ್ನು ಮತ್ತೆ ಕಡ್ಡಾಯಗೊಳಿಸಿದರು, ಮೊದಲು ಅನ್ವಯವಾದದ್ದು ನಮ್ಮ ಮಗಳ ತಂಡಕ್ಕೆ. ಅಂಕಗಳನ್ನು ಪರಿಗಣಿಸಿ ಎಂದು ಕೋರಿದವರ ಮಧ್ಯಾಂಕ 1420 ಇತ್ತೆಂದೂ, ಕೋರದವರದು 1160 ಇತ್ತೆಂದೂ, ಮೊದಲ ಗುಂಪಿನವರು ಒಳಗೆ ಬಂದ ಮೇಲೆ ಮೊದಲ ಸೆಮಿಸ್ಟರಿನಲ್ಲಿ ಸ್ಪಷ್ಟವಾಗಿ ಮೇಲುಗೈ ಸಾಧಿಸಿದರೆಂದೂ ವಿಶ್ವವಿದ್ಯಾಲಯ ತನ್ನ ನಿರ್ಧಾರಕ್ಕೆ ಕಾರಣ ಕೊಟ್ಟಿತ್ತು. ಕಾರಣ ನನಗೆ ಒಪ್ಪಿಗೆಯಾಯಿತು. ಪರೀಕ್ಷೆ ಎಂದರೆ ನನ್ನಂಥವನಿಗೆ ಪರಿಚಿತ ನೆಲ. ಸಾವಿರಕ್ಕೂ ಮೀರಿದ ಹೈಸ್ಕೂಲುಗಳಿರುವ ರಾಜ್ಯದಲ್ಲಿ ಒಂದು ಶಾಲೆಯ ತೊಂಬತ್ತೈದನ್ನೂ ಇನ್ನೊಂದರ ತೊಂಬತ್ತೈದನ್ನೂ ಹೋಲಿಸಲು ಏನಾದರೊಂದು ಸಮಾನ ಅಳತೆಗೋಲು ಬೇಕಲ್ಲವೇ? ಅವಳು ಎರಡು ಬಾರಿ ಬರೆದಳು, ಎರಡನೆಯ ಸಲ 1490 ಬಂತು. ನನ್ನ ಸಂತೋಷವನ್ನು ಅವಳು ಒಂದೇ ಮಾತಿನಲ್ಲಿ ತಣ್ಣಗಾಗಿಸಿದಳು. ಇಂಜಿನಿಯರಿಂಗಿಗೆ ಅರ್ಜಿ ಹಾಕುತ್ತಿರುವ ಅವಳ ಗೆಳತಿಯರಲ್ಲಿ ಮೂವರಿಗೆ 1500ರ ಮೇಲೆ ಬಂದಿತ್ತು.

ಆಗಸ್ಟ್ ಒಂದರಂದು ಅರ್ಜಿ ತೆರೆಯಿತು. ಆ ವರ್ಷದಿಂದ ಯುಟಿ ಅರ್ಲಿ ಆಕ್ಷನ್ ಎಂಬ ಹೊಸ ಗಡುವನ್ನು ತಂದಿತ್ತು. ಅಕ್ಟೋಬರ್ 15ರೊಳಗೆ ಅರ್ಜಿ ಸಲ್ಲಿಸಿದವರಿಗೆ ಜನವರಿ 15ರೊಳಗೆ ಉತ್ತರ ಎಂದರು. ಬೇಗ ಉತ್ತರ ಸಿಗುತ್ತದೆಂದರೆ ಯಾರು ಬಿಡುತ್ತಾರೆ? ಹಿಂದೆಲ್ಲ ಡಿಸೆಂಬರಿನವರೆಗೆ ಸಮಯವಿದ್ದುದರಿಂದ ಮನೆಮನೆಗಳಲ್ಲಿ ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ನಡೆಯುತ್ತಿದ್ದ ಪ್ರಬಂಧದ ಜಗಳ ನಮ್ಮ ಮನೆಯಲ್ಲಿ ಗಣೇಶನ ಹಬ್ಬದಲ್ಲೇ ನಡೆಯಿತು.

ಪ್ರಬಂಧದ ಬಗ್ಗೆ ನನಗೆ ನನ್ನದೇ ಕಲ್ಪನೆಯಿತ್ತು. ಅರಕಲಗೂಡಿನ ಬಳಿಯ ತೆಂಗಿನ ತೋಟ, ಹೇಮಾವತಿ ನಾಲೆಯ ನೀರಿಗೆ ಕಾಯುತ್ತಿದ್ದ ಅಜ್ಜ, ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಯ ಮೊದಲ ದಿನ ಇಂಗ್ಲಿಷಿನಲ್ಲಿ ಪಾಠ ಕೇಳಿ ಬೆವರಿದ ಅಪ್ಪ, ಇವೆಲ್ಲ ಆ ಆರುನೂರೈವತ್ತು ಪದಗಳ ಮಿತಿಯಲ್ಲಿ ಚೆನ್ನಾಗಿ ಕೂರುತ್ತವೆ ಎಂದುಕೊಂಡಿದ್ದೆ. ಅವಳು ತಾಳ್ಮೆಯಿಂದ ಕೇಳಿಸಿಕೊಂಡು, "ಅಪ್ಪಾ, ಅದು ನಿನ್ನ ಕಥೆ. ನನ್ನನ್ನು ಕೇಳುತ್ತಿದ್ದಾರೆ" ಎಂದಳು. ಕೊನೆಗೆ ಅವಳು ಬರೆದದ್ದು ವಾದ್ಯವೃಂದದಲ್ಲಿ ಎರಡನೆಯ ಪಿಟೀಲಿನ ಸಾಲಿನಲ್ಲಿ ಕುಳಿತು, ಮುಖ್ಯ ರಾಗ ತನಗೆಂದೂ ಸಿಗದೆ, ಒಳಗಿನ ಸ್ವರಗಳನ್ನು ತುಂಬುವುದರ ಬಗ್ಗೆ. ಅದನ್ನು ಓದಿದಾಗ ಇದರಿಂದ ಸೀಟು ಸಿಗುತ್ತದೆಯೇ ಎಂಬ ಪ್ರಶ್ನೆಯೊಂದಿಗೇ, ಇವಳಿಗೆ ಇಷ್ಟೆಲ್ಲ ಹೇಳುವುದಿತ್ತೇ ಎಂಬ ಬೆರಗೂ ನನಗಾಯಿತು. ಸಾವಿರಾರು ಡಾಲರ್ ತೆಗೆದುಕೊಂಡು ಪ್ರಬಂಧವನ್ನು ತಿದ್ದಿಕೊಡುವ ಸಲಹೆಗಾರರು ಇಲ್ಲಿ ಬೀದಿಗೊಬ್ಬರಿದ್ದಾರೆ. ನಾವು ಅವರ ಬಳಿ ಹೋಗಲಿಲ್ಲ, ತತ್ವದ ಕಾರಣದಿಂದ ಎಂದು ಹೇಳಿಕೊಳ್ಳುವಂತೆಯೂ ಇಲ್ಲ. ಅವಳು ಬೇಡವೆಂದಳು, ನನಗೂ ಹಣ ಉಳಿಯಿತು.

ಅರ್ಜಿಯಲ್ಲಿ ಆದ ಒಂದೇ ದೊಡ್ಡ ತಪ್ಪನ್ನು ಮಾಡಿದವನು ನಾನು. ನಿವಾಸಕ್ಕೆ ಸಂಬಂಧಿಸಿದ ಪ್ರಶ್ನೆಗಳನ್ನು ತುಂಬುವ ಹೊಣೆಯನ್ನು ಹೊತ್ತುಕೊಂಡು, ಪೌರತ್ವವಿಲ್ಲ, ಗ್ರೀನ್ ಕಾರ್ಡ್ ಇಲ್ಲ ಎಂದು ಪ್ರಾಮಾಣಿಕವಾಗಿ ಉತ್ತರಿಸಿ, ವೀಸಾದ ವಿವರ ಕೇಳುವ ಮುಂದಿನ ಭಾಗವನ್ನು ಅರ್ಧಕ್ಕೇ ಬಿಟ್ಟು ಮುಂದೆ ಹೋಗಿದ್ದೆ. ಅರ್ಜಿ ಸಲ್ಲಿಸಿ ಮೂರು ದಿನವಾದ ಮೇಲೆ ಅರ್ಜಿಯ ಸ್ಥಿತಿಯನ್ನು ತೋರಿಸುವ ಮೈಸ್ಟೇಟಸ್ ಪುಟವನ್ನು ತೆರೆದ ಮಗಳು, ತನ್ನನ್ನು ಹೊರರಾಜ್ಯದವಳೆಂದು ನಮೂದಿಸಲಾಗಿದೆ ಎಂದು ಹೇಳಿದಾಗ ನನಗೆ ಕೈಕಾಲು ತಣ್ಣಗಾದವು. ಇದು ಬರೀ ಶುಲ್ಕದ ಪ್ರಶ್ನೆಯಾಗಿರಲಿಲ್ಲ. ಯುಟಿಯ ಮೊದಲ ವರ್ಷದ ಸೀಟುಗಳಲ್ಲಿ ಶೇ. 90 ರಾಜ್ಯದ ನಿವಾಸಿಗಳಿಗೆ ಸೇರಿದ್ದು. ಉಳಿದ ಹತ್ತರಲ್ಲಿ ಅಮೆರಿಕದ ನಲವತ್ತೊಂಬತ್ತು ರಾಜ್ಯಗಳವರೂ ಪ್ರಪಂಚದ ಎಲ್ಲ ದೇಶಗಳವರೂ ನಿಂತಿರುತ್ತಾರೆ. ನನ್ನ ಅರ್ಧ ಬಿಟ್ಟ ಪುಟವೊಂದರಿಂದ ಮಗಳು ಆ ಸಾಲಿಗೆ ಹೋಗಿ ನಿಂತಿದ್ದಳು. ವೀಸಾ ಅನುಮೋದನೆಯ ಪತ್ರ, ಮನೆಯ ದಾಖಲೆ, ತೆರಿಗೆಯ ಕಾಗದಗಳು ಎಲ್ಲವನ್ನೂ ಒಂದು ರಾತ್ರಿಯಲ್ಲಿ ಹೊಂದಿಸಿ ಸಲ್ಲಿಸಿದೆ. ಸರಿಪಡಿಸಲು ಕೆಲವು ವಾರ ಹಿಡಿಯಿತು. ಆ ವಾರಗಳಲ್ಲಿ ಮನೆಯಲ್ಲಿ ನನ್ನ ಜೊತೆ ಎಲ್ಲರೂ ಅಗತ್ಯಕ್ಕಿಂತ ಹೆಚ್ಚು ಮರ್ಯಾದೆಯಿಂದ ಮಾತನಾಡುತ್ತಿದ್ದರು.

ಈ ನಡುವೆ, ಸೆಪ್ಟೆಂಬರಿನಲ್ಲಿ, 2026ರ ಪ್ರವೇಶಕ್ಕೆ ಗೆರೆ ಆರರಿಂದ ಐದಕ್ಕೆ ಇಳಿಯುತ್ತದೆಂದು ವಿಶ್ವವಿದ್ಯಾಲಯ ಪ್ರಕಟಿಸಿತು. ಮಗಳಿಗಿಂತ ಒಂದು ವರ್ಷ ಕಿರಿಯರಾದ ಮಕ್ಕಳ ಮನೆಗಳಲ್ಲಿ ಆ ವಾರ ಸೂತಕದ ಕಳೆ. ಅದೇ 702ರ ಶಾಲೆಯಲ್ಲಿ ಐದು ಶೇಕಡಾ ಎಂದರೆ ಮೂವತ್ತೈದು. ನಮ್ಮ ಬೀದಿಯ ಕನ್ನಡದ ಮನೆಯೊಂದರಲ್ಲಿ, ನಲವತ್ತರ ಆಸುಪಾಸಿನಲ್ಲಿದ್ದು ನಿಶ್ಚಿಂತರಾಗಿದ್ದ ಹುಡುಗನ ತಾಯಿ ಸಿಕ್ಕಾಗ, "ನಮ್ಮ ಹುಡುಗ ಏನೂ ಕಡಿಮೆ ಮಾಡಲಿಲ್ಲ, ಗೆರೆಯೇ ಓಡಿಹೋಯಿತು" ಎಂದರು. ನಾನು ಕೇಳಿದ ವಿವರಣೆಗಳಲ್ಲಿ ಇದಕ್ಕಿಂತ ನಿಖರವಾದದ್ದು ಇನ್ನೊಂದಿಲ್ಲ. 2010ರಲ್ಲಿ ಎರಡೂವರೆ ಕೋಟಿ ಇದ್ದ ಟೆಕ್ಸಾಸ್‌ನ ಜನಸಂಖ್ಯೆ 2020ರ ಜನಗಣತಿಯ ಹೊತ್ತಿಗೆ 2.9 ಕೋಟಿ ದಾಟಿತ್ತು. ಯುಟಿಯ ಮೊದಲ ವರ್ಷದ ತರಗತಿಯಾದರೋ ಒಂಬತ್ತು ಸಾವಿರದ ಆಸುಪಾಸಿನಲ್ಲೇ ಇದೆ. ನಾವೂ ಆ ಹೆಚ್ಚಿದ ಜನರ ಲೆಕ್ಕದಲ್ಲೇ ಇದ್ದೇವೆ ಎಂಬುದನ್ನು ಮರೆತು ಮಾತನಾಡುವಂತಿಲ್ಲ.

ಜನವರಿ 15, 2025ರಂದು ಉತ್ತರ ಬರಬೇಕಿತ್ತು. ಹಿಂದಿನ ದಿನವೇ ಸಂಕ್ರಾಂತಿ. ಎಳ್ಳು ಬೆಲ್ಲ ಹಂಚಲು ಬಂದವರೆಲ್ಲ ಒಳ್ಳೆಯ ಮಾತಾಡಿ ಎನ್ನುವ ಬದಲು, ಬಂತಾ ಎಂದು ಕೇಳಿ ಹೋದರು. ಮರುದಿನ ಪುಟದಲ್ಲಿ ಕಂಡದ್ದು ಹೌದು ಎಂಬ ಉತ್ತರವೂ ಅಲ್ಲ, ಇಲ್ಲ ಎಂಬುದೂ ಅಲ್ಲ. ನಿರ್ಧಾರವನ್ನು ಫೆಬ್ರವರಿ 15ಕ್ಕೆ ಮುಂದೂಡಲಾಗಿದೆ ಎಂದಿತ್ತು. ಅವಳೊಬ್ಬಳಿಗಲ್ಲ, ಅಂಥ ಅಸಂಖ್ಯ ಮಕ್ಕಳಿಗೆ ಅದೇ ಉತ್ತರ ಬಂದಿತ್ತು. ಹಿಂದಿನ ವರ್ಷ ಸುಮಾರು 73 ಸಾವಿರ ಇದ್ದ ಅರ್ಜಿಗಳ ಸಂಖ್ಯೆ ಆ ವರ್ಷ 90 ಸಾವಿರವನ್ನು ದಾಟಿದೆ ಎಂದು ವಿಶ್ವವಿದ್ಯಾಲಯ ತಿಳಿಸಿತು. ಒಂದೇ ವರ್ಷದಲ್ಲಿ ನಾಲ್ಕನೆಯ ಒಂದು ಭಾಗದಷ್ಟು ಏರಿಕೆ. ಕಾಮನ್ ಆ್ಯಪ್ ಮೂಲಕ ಒಂದೇ ಅರ್ಜಿಯನ್ನು ಇಪ್ಪತ್ತು ಕಡೆ ಕಳಿಸುವ ಸೌಕರ್ಯ ಬಂದ ಮೇಲೆ, ಎಲ್ಲಿಯೂ ಸಿಗಲಾರದೆಂಬ ಭಯದಿಂದ ಎಲ್ಲರೂ ಎಲ್ಲ ಕಡೆಗೂ ಅರ್ಜಿ ಹಾಕುತ್ತಾರೆ. ಹಾಗೆ ಹಾಕುವುದರಿಂದಲೇ ಆ ಭಯ ನಿಜವಾಗುತ್ತದೆ. ನಮ್ಮ ಮಗಳೂ ಒಂಬತ್ತು ಕಡೆ ಹಾಕಿದ್ದಳು.

ಆ ಒಂದು ತಿಂಗಳು ಕನ್ನಡ ಸಂಘದ ಸಂಕ್ರಾಂತಿ ಕಾರ್ಯಕ್ರಮದಲ್ಲಿ, ದೇವಸ್ಥಾನದ ಊಟದ ಸಾಲಿನಲ್ಲಿ, ಮಕ್ಕಳನ್ನು ಸಂಗೀತ ಪಾಠಕ್ಕೆ ಬಿಟ್ಟು ಕಾರಿನಲ್ಲಿ ಕಾಯುವಾಗ, ಎಲ್ಲೆಲ್ಲೂ ಇದೇ ಮಾತು. ಅಲ್ಲಿ ನಾನು ತಿಳಿದುಕೊಂಡ ಒಂದು ಸಂಗತಿ ನನ್ನ ಹೊಟ್ಟೆಕಿಚ್ಚನ್ನು ಸಾಕಷ್ಟು ಕಡಿಮೆ ಮಾಡಿತು. ತಾನಾಗಿಯೇ ಪ್ರವೇಶ ಎಂದು ಕಾನೂನು ಹೇಳುವುದು ವಿಶ್ವವಿದ್ಯಾಲಯಕ್ಕೆ ಮಾತ್ರ, ಬೇಕಾದ ವಿಭಾಗಕ್ಕಲ್ಲ. ಮಗಳ ಶಾಲೆಯಲ್ಲಿ ಹದಿನೆಂಟನೆಯ ರ‍್ಯಾಂಕಿನ ಹುಡುಗನೊಬ್ಬನಿಗೆ ಯುಟಿಯ ಬಾಗಿಲು ಅಕ್ಟೋಬರಿನಲ್ಲೇ ತೆರೆದಿತ್ತು, ಆದರೆ ಅವನು ಕೇಳಿದ ಕಂಪ್ಯೂಟರ್ ಸೈನ್ಸ್ ಸಿಗಲಿಲ್ಲ. ಕಂಪ್ಯೂಟರ್ ಸೈನ್ಸ್, ಇಂಜಿನಿಯರಿಂಗ್, ಬಿಸಿನೆಸ್ ಈ ಮೂರಕ್ಕೂ ಗೆರೆಯೊಳಗಿನವರು ಗೆರೆಯಾಚೆಗಿನವರು ಎಂಬ ಭೇದವಿಲ್ಲದೆ ಎಲ್ಲರನ್ನೂ ಸಮಗ್ರ ಪರಿಶೀಲನೆಯ ತಕ್ಕಡಿಗೇ ಹಾಕುತ್ತಾರೆ. ಒಳಗೆ ಸೇರಿದ ಮೇಲೆ ಬದಲಾಯಿಸಿಕೊಂಡರಾಯಿತು ಎಂದು ನಮ್ಮವರು ಸುಲಭವಾಗಿ ಹೇಳುತ್ತಾರೆ. ಹಾಗೆ ಒಳಗೊಳಗೇ ವಿಭಾಗ ಬದಲಾಯಿಸುವುದು ಹೊರಗಿನಿಂದ ಬರುವುದಕ್ಕಿಂತಲೂ ಕಷ್ಟವೆಂದು ಆ ದಾರಿಯಲ್ಲಿ ಹೋಗಿ ಬಂದ ಮಕ್ಕಳು ಹೇಳುತ್ತಾರೆ.

ಫೆಬ್ರವರಿಯ ಮಧ್ಯದಲ್ಲಿ ಉತ್ತರ ಬಂತು. ಪ್ರವೇಶ ಸಿಕ್ಕಿರಲಿಲ್ಲ. ಬದಲಿಗೆ ಕ್ಯಾಪ್ ಎಂದು ಕರೆಯುವ ಯೋಜನೆಯ ಆಹ್ವಾನವಿತ್ತು. ಯುಟಿ ಸಮೂಹದ ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಓದಿ, 30 ಕ್ರೆಡಿಟ್ ಮುಗಿಸಿ, 3.2 ಸರಾಸರಿಯನ್ನು ಕಾಯ್ದುಕೊಂಡರೆ ಎರಡನೆಯ ವರ್ಷಕ್ಕೆ ಆಸ್ಟಿನ್‌ಗೆ ಬರಬಹುದು, ಆದರೆ ಆ ಭರವಸೆ ಕಲಾ ವಿಭಾಗದ ವಿಷಯಗಳಿಗೆ ಮಾತ್ರ. ಸಿವಿಲ್ ಇಂಜಿನಿಯರಿಂಗ್ ಓದಬೇಕೆಂದಿದ್ದವಳಿಗೆ ಅದು ಬಳಸುದಾರಿಯೂ ಆಗುತ್ತಿರಲಿಲ್ಲ. ಅವಳು ಅತ್ತಳು. ಅಂದು ರಾತ್ರಿ ಪಿಟೀಲಿನ ಪೆಟ್ಟಿಗೆಯನ್ನು ತೆರೆಯಲಿಲ್ಲ, ಮರುದಿನ ತೆರೆದಳು. ನಾನು ಮಾಡಿದ ಕೆಲಸ ಹೆಚ್ಚು ನಾಚಿಕೆಗೇಡಿನದು. ಯಾರ್ಯಾರ ಮಕ್ಕಳಿಗೆ ಸಿಕ್ಕಿದೆಯೆಂದು ಎರಡು ದಿನ ವಾಟ್ಸ್ಆ್ಯಪ್ ಗುಂಪುಗಳನ್ನು ಹಿಂದಕ್ಕೂ ಮುಂದಕ್ಕೂ ಸರಿಸಿ ನೋಡಿದೆ.

ಆ ದಿನಗಳಲ್ಲೇ ಈ ಶೇಕಡಾವಾರು ಕಾನೂನು ಹುಟ್ಟಿದ್ದು ಹೇಗೆಂದು ಕುಳಿತು ಓದಿದೆ. ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸಕೂಡದೆಂದು 1996ರಲ್ಲಿ ಹಾಪ್‌ವುಡ್ ಪ್ರಕರಣದಲ್ಲಿ ಕೇಂದ್ರದ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ಹಾಗಾದರೆ ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳು ಯುಟಿಯಿಂದ ಮಾಯವಾಗುತ್ತಾರೆಂಬ ಆತಂಕ ಹುಟ್ಟಿದಾಗ, ಎಲ್ಲ ಶಾಲೆಗಳ ಮೊದಲಿಗರಿಗೂ ಬಾಗಿಲು ತೆರೆಯುವ ಮಸೂದೆ ಬಂತು. ದೊಡ್ಡ ನಗರಗಳ ಅಲ್ಪಸಂಖ್ಯಾತ ಸಮುದಾಯಗಳ ಶಾಸಕರೂ, ತಮ್ಮ ಊರಿನ ಮಕ್ಕಳು ಆಸ್ಟಿನ್‌ನ ಮುಖವನ್ನೇ ಕಾಣುತ್ತಿಲ್ಲವೆಂಬ ಕೊರಗಿದ್ದ ಹಳ್ಳಿಗಾಡಿನ ಶಾಸಕರೂ ಅದರ ಬೆನ್ನಿಗೆ ನಿಂತರು. ಆಗ ರಾಜ್ಯಪಾಲರಾಗಿದ್ದ ಜಾರ್ಜ್ ಡಬ್ಲ್ಯೂ. ಬುಷ್ ಸಹಿ ಹಾಕಿದರು. ಅಂದರೆ ಮೆಕ್ಸಿಕೋ ಗಡಿಯ ರಿಯೋ ಗ್ರಾಂಡೆ ಕಣಿವೆಯಲ್ಲಿ, ಹತ್ತು ಎಪಿ ಕೋರ್ಸುಗಳಿರಲಿ, ಎರಡೂ ಇಲ್ಲದ ಶಾಲೆಯಲ್ಲಿ ಮೊದಲ ಸ್ಥಾನದಲ್ಲಿರುವ ಹುಡುಗಿಗೂ ಯುಟಿಯಲ್ಲಿ ಜಾಗವಿದೆ. ನಮ್ಮ ಶಾಲೆಯಲ್ಲಿ ಇದ್ದಿದ್ದರೆ ಅವಳು ಬಹುಶಃ ನೂರರ ಒಳಗೂ ಬರುತ್ತಿರಲಿಲ್ಲ ಎಂದು ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬರು ಬರೆದರು. ಅದಕ್ಕೆ ಹಲವರು ಹೆಬ್ಬೆರಳು ಎತ್ತಿದರು.

ನಾನೂ ಎತ್ತಲು ಹೋಗಿ ನಿಂತೆ. ಅರಕಲಗೂಡಿನ ಸರ್ಕಾರಿ ಹೈಸ್ಕೂಲಿನಲ್ಲಿ ಮೊದಲಿಗನಾಗಿದ್ದ ನಾನು ಬೆಂಗಳೂರಿನ ಯಾವುದಾದರೂ ಹೆಸರಾಂತ ಶಾಲೆಯಲ್ಲಿ ಇದ್ದಿದ್ದರೆ ಎಷ್ಟನೆಯವನಾಗುತ್ತಿದ್ದೆ? ಸಿಇಟಿಯಲ್ಲಿ ಈಗ ಗ್ರಾಮೀಣ ಮೀಸಲಾತಿ ಇದೆ, ಕನ್ನಡ ಮಾಧ್ಯಮದವರಿಗೆ ಮೀಸಲಾತಿ ಇದೆ. ಊರಿಗೆ ಹೋದಾಗಲೆಲ್ಲ ಅವು ಇರಲೇಬೇಕೆಂದು ವಾದಿಸುವವನು ನಾನೇ. ಇಲ್ಲಿ ನನ್ನ ಮಗಳು ಬೆಂಗಳೂರಿನ ಹುಡುಗಿಯ ಸ್ಥಾನದಲ್ಲಿದ್ದಾಳೆ. ದೊಡ್ಡ ಶಾಲೆ, ಇಪ್ಪತ್ತಕ್ಕೂ ಹೆಚ್ಚು ಎಪಿ ಕೋರ್ಸುಗಳು, ಮನೆಯಲ್ಲಿ ಗಣಿತ ಹೇಳಿಕೊಡಬಲ್ಲ ಇಬ್ಬರು. ಈ ಯೋಚನೆಯಿಂದ ನನ್ನ ದುಃಖ ಕಡಿಮೆಯಾಯಿತೆಂದು ಹೇಳಲಾರೆ, ಏಕೆಂದರೆ ಆಗಲಿಲ್ಲ. ಆದರೆ ಆ ಗುಂಪಿನಲ್ಲಿ ಅನ್ಯಾಯ ಎಂಬ ಪದವನ್ನು ಬಳಸುವುದು ನನ್ನಿಂದ ಆಗಲಿಲ್ಲ. ಅವಳಿಗೆ ಇದನ್ನು ಹೇಳಿದಾಗ, "ಅದು ನನಗೂ ಗೊತ್ತು ಅಪ್ಪಾ, ಆದರೂ ಬೇಜಾರಾಗುತ್ತದೆ" ಎಂದಳು. ನನಗಿಂತ ಮೊದಲೇ ಅವಳು ಅಲ್ಲಿಗೆ ತಲುಪಿದ್ದಳು.

ಯುಟಿಯನ್ನು ಬಿಟ್ಟರೆ ರಾಜ್ಯದ ಉಳಿದ ಸಾರ್ವಜನಿಕ ವಿಶ್ವವಿದ್ಯಾಲಯಗಳಿಗೆ ಹಳೆಯ ಹತ್ತು ಶೇಕಡಾದ ನಿಯಮವೇ ಇನ್ನೂ ಅನ್ವಯಿಸುವುದರಿಂದ, ಟೆಕ್ಸಾಸ್ ಎ ಅಂಡ್ ಎಂನಲ್ಲಿ ಅವಳಿಗೆ ಪ್ರವೇಶ ಸುಲಭವಾಗಿ ಸಿಕ್ಕಿತ್ತು. ಇಂಜಿನಿಯರಿಂಗ್ ಕೂಡ ಮಾರ್ಚ್ ಹೊತ್ತಿಗೆ ಖಚಿತವಾಯಿತು. ಎಪ್ಪತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಆ ವಿಶ್ವವಿದ್ಯಾಲಯ ಇರುವುದು ಆಸ್ಟಿನ್‌ನಿಂದ ಸುಮಾರು ನೂರು ಮೈಲಿ ದೂರದ ಕಾಲೇಜ್ ಸ್ಟೇಷನ್‌ನಲ್ಲಿ. ಅಲ್ಲಿಯೂ ಓಟ ಮುಗಿಯುವುದಿಲ್ಲ. ಮೊದಲ ವರ್ಷ ಎಲ್ಲರೂ ಸಾಮಾನ್ಯ ಇಂಜಿನಿಯರಿಂಗಿನವರು. ವರ್ಷದ ಕೊನೆಗೆ 3.75 ಸರಾಸರಿ ಇದ್ದವರಿಗೆ ಬೇಕಾದ ವಿಭಾಗ ತಾನಾಗಿಯೇ ಸಿಗುತ್ತದೆ, ಉಳಿದವರದು ಮತ್ತೆ ಸಮಗ್ರ ಪರಿಶೀಲನೆ. ಈ ಪದವನ್ನು ಕೇಳಿದಾಗ ಅವಳು ಜೋರಾಗಿ ನಕ್ಕಳು. ಫೆಬ್ರವರಿಯಿಂದ ಅವಳು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಆಗಸ್ಟಿನಲ್ಲಿ ಅವಳ ಸಾಮಾನುಗಳನ್ನು ಹಾಸ್ಟೆಲಿಗೆ ಸಾಗಿಸುವಾಗ ಪಿಟೀಲು ಅವಳ ತೊಡೆಯ ಮೇಲೇ ಇತ್ತು. ಅಲ್ಲಿನ ವಾದ್ಯವೃಂದಕ್ಕೆ ಸಿಗುವ ಗ್ರೇಡು ಸರಾಸರಿಗೆ ಸೇರುತ್ತದೆಯೇ ಎಂದು ಕೇಳಬೇಕೆಂದಿದ್ದವನು ಕೇಳದೆ ಗಾಡಿ ಓಡಿಸಿದೆ.

ಕಳೆದ ತಿಂಗಳು ಬೆಂಗಳೂರಿನಿಂದ ಇಲ್ಲಿಗೆ ಬಂದು ಎರಡು ವರ್ಷವಾದ, ದಾವಣಗೆರೆ ಕಡೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿದರು. ಮನೆ ಕೊಳ್ಳಬೇಕೆಂದಿದ್ದರು. "ಸಾರ್, ನಿಮಗೆ ಅನುಭವವಿದೆ. ಒಳ್ಳೆಯ ಶಾಲೆಯ ವ್ಯಾಪ್ತಿಯಲ್ಲಿ ತಗೊಂಡರೆ ಪೈಪೋಟಿ ಜಾಸ್ತಿ, ರ‍್ಯಾಂಕ್ ಸಿಗಲ್ಲ ಅಂತಾರೆ. ಸ್ವಲ್ಪ ಆ ಕಡೆ ಹೋದರೆ ಮೊದಲ ಐದು ಪರ್ಸೆಂಟ್ ಸುಲಭ ಅಂತಾರೆ. ಯಾವುದು ಸರಿ?" ಎಂದು ಕೇಳಿದರು. ಅರ್ಧ ಗಂಟೆ ನನಗೆ ತಿಳಿದದ್ದನ್ನೆಲ್ಲ ಹೇಳಿದೆ. ಐದು, ಆರು, ಎಪ್ಪತ್ತೈದು, ತೊಂಬತ್ತು, ಎಪಿಯ ಆರು ಪಾಯಿಂಟು, ವಾದ್ಯವೃಂದದ ಐದು ಪಾಯಿಂಟು, ನಿವಾಸದ ಪುಟವನ್ನು ಪೂರ್ತಿ ತುಂಬಬೇಕೆಂಬ ಎಚ್ಚರಿಕೆ, ಎಲ್ಲವನ್ನೂ. ಅವರು ಬರೆದುಕೊಳ್ಳುತ್ತಿರುವ ಸದ್ದು ಕೇಳಿಸುತ್ತಿತ್ತು. ಕೊನೆಗೆ ಮಗು ಈಗ ಎಷ್ಟನೆಯ ತರಗತಿಯಲ್ಲಿದೆ ಎಂದು ಕೇಳಿದೆ.

"ಯುಕೆಜಿ ಸಾರ್," ಎಂದರು.